‘ದಿ ವೆಲ್-ಟ್ರೇನ್ಡ್ ಮೈಂಡ್’: ಮನೆಪಾಠಕ್ಕೊಂದು ದಪ್ಪ ಕೈಪಿಡಿ, ಅದರಲ್ಲಿ ಉಳಿಸಿಕೊಳ್ಳಬೇಕಾದದ್ದು

ಜೆಸ್ಸಿ ವೈಸ್ ಮತ್ತು ಅವರ ಮಗಳು ಸೂಸನ್ ವೈಸ್ ಬಾವರ್ ಕೂಡಿ ಬರೆದ ‘ದಿ ವೆಲ್-ಟ್ರೇನ್ಡ್ ಮೈಂಡ್’ ಎಂಬ ಇಂಗ್ಲಿಷ್ ಕೈಪಿಡಿ 1999ರಲ್ಲಿ ಡಬ್ಲ್ಯೂ. ಡಬ್ಲ್ಯೂ. ನಾರ್ಟನ್ ಪ್ರಕಾಶನದಿಂದ ಮೊದಲ ಬಾರಿಗೆ ಹೊರಬಂತು. 2004, 2009 ಮತ್ತು 2016ರಲ್ಲಿ ಅದರ ಪರಿಷ್ಕೃತ ಆವೃತ್ತಿಗಳು ಬಂದವು. ಯುರೋಪಿನ ಹಳೆಯ ವಿದ್ಯಾಕ್ರಮವನ್ನು ಮಾದರಿಯಾಗಿಟ್ಟುಕೊಂಡ, ಕ್ಲಾಸಿಕಲ್ ಶಿಕ್ಷಣ ಎಂದು ಕರೆಯುವ ಪದ್ಧತಿಯಲ್ಲಿ ಮಕ್ಕಳಿಗೆ ಶಾಲೆಯ ಬದಲು ಮನೆಯಲ್ಲೇ ಪಾಠ ಹೇಳಲು ಹೊರಟ ತಂದೆತಾಯಿಯರ ಕೈಗೆ ಸಾಮಾನ್ಯವಾಗಿ ಮೊದಲು ಸಿಗುವುದು ಇದೇ ಪುಸ್ತಕ. ನಾನು ಇದರ ಮೊದಲ ಎರಡು ಭಾಗಗಳನ್ನು ನನ್ನ ಇಬ್ಬರು ಮಕ್ಕಳೊಂದಿಗೆ ಬಹಳ ಕಾಲ ಬಳಸಿದ್ದೇನೆ, ಮೂರನೆಯದನ್ನು ಎಚ್ಚರದಿಂದ ಓದಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಭಾಷೆಯನ್ನು, ಅದರಲ್ಲೂ ಬರವಣಿಗೆಯನ್ನು ಕಲಿಸುವ ಕ್ರಮಕ್ಕಾಗಿ ಈ ಪುಸ್ತಕಕ್ಕೆ ಸಾಟಿಯಾದದ್ದನ್ನು ನಾನು ಕಂಡಿಲ್ಲ. ಇತಿಹಾಸವನ್ನು ಕಲಿಸುವ ಅದರ ಕ್ರಮವೂ ಅನುಸರಿಸಲು ಯೋಗ್ಯವಾದದ್ದು. ಗಣಿತ ಮತ್ತು ವಿಜ್ಞಾನಕ್ಕೆ ಬೇರೆ ಆಧಾರಗಳು ಬೇಕಾಗುತ್ತವೆ. ಮಗುವಿನ ಮನಸ್ಸು ಮೂರು ಹಂತಗಳಲ್ಲಿ ಅರಳುತ್ತದೆ ಎಂಬ ಅದರ ತಳಹದಿಯ ಮಾತನ್ನು ಅನುಕೂಲಕ್ಕೆ ಮಾಡಿಕೊಂಡ ಒಂದು ಊಹೆಯೆಂದು ಸ್ವೀಕರಿಸಿದರೆ ಸಾಕು.

ಆ ತಳಹದಿಯಿಂದಲೇ ಪ್ರಾರಂಭಿಸುತ್ತೇನೆ, ಏಕೆಂದರೆ ಪುಸ್ತಕದ ಇಡೀ ಕಟ್ಟಡ ನಿಂತಿರುವುದು ಅದರ ಮೇಲೆಯೇ. ಲೇಖಕಿಯರು ಹನ್ನೆರಡು ವರ್ಷಗಳ ಶಾಲಾ ಶಿಕ್ಷಣವನ್ನು ನಾಲ್ಕು ನಾಲ್ಕು ವರ್ಷಗಳ ಮೂರು ಪಾಲುಗಳಾಗಿ ಒಡೆಯುತ್ತಾರೆ. ಒಂದರಿಂದ ನಾಲ್ಕನೇ ತರಗತಿಯವರೆಗೆ ವ್ಯಾಕರಣದ ಹಂತ; ಇಲ್ಲಿ ಮಗು ಸಂಗತಿಗಳನ್ನು, ಕಥೆಗಳನ್ನು, ಪದ್ಯಗಳನ್ನು, ಮಗ್ಗಿಯನ್ನು, ನಿಯಮಗಳನ್ನು ಮನಸ್ಸಿನಲ್ಲಿ ತುಂಬಿಕೊಳ್ಳುತ್ತದೆ. ಐದರಿಂದ ಎಂಟರವರೆಗೆ ತರ್ಕದ ಹಂತ. ತುಂಬಿಕೊಂಡದ್ದನ್ನು ‘ಏಕೆ’ ಎಂದು ಕೇಳಿ, ಕಾರಣಕ್ಕೂ ಪರಿಣಾಮಕ್ಕೂ ನಂಟು ಹಾಕುವ ಕಾಲ ಅದು. ಒಂಬತ್ತರಿಂದ ಹನ್ನೆರಡರವರೆಗೆ ವಾಗ್ಮಿತೆಯ ಹಂತ. ತನ್ನ ಅಭಿಪ್ರಾಯವನ್ನು ಕಟ್ಟಿ, ಇತರರು ಒಪ್ಪುವಂತೆ ಮಾತಿನಲ್ಲೂ ಬರಹದಲ್ಲೂ ಮಂಡಿಸಲು ವಿದ್ಯಾರ್ಥಿ ಕಲಿಯುವುದು ಆಗ. ಈ ಮೂರಕ್ಕೆ ಸೇರಿ ಟ್ರಿವಿಯಂ ಎಂಬ ಲ್ಯಾಟಿನ್ ಹೆಸರಿದೆ.

ಯುರೋಪಿನ ಮಧ್ಯಯುಗದಲ್ಲಿ ಟ್ರಿವಿಯಂ ಎಂದರೆ ಮೂರು ವಿಷಯಗಳು. ಐದನೇ ಶತಮಾನದ ಮಾರ್ಟಿಯಾನಸ್ ಕಪೆಲ್ಲ ಏಳು ವಿದ್ಯೆಗಳನ್ನು ಮದುವೆಯೊಂದರಲ್ಲಿ ವಧುವಿನ ಜೊತೆ ಬಂದ ಏಳು ಸಖಿಯರಂತೆ ಚಿತ್ರಿಸಿದ. ಅವುಗಳಲ್ಲಿ ವ್ಯಾಕರಣ, ತರ್ಕ, ವಾಗ್ಮಿತೆ ಮೂರಾದರೆ, ಅಂಕಗಣಿತ, ರೇಖಾಗಣಿತ, ಸಂಗೀತ, ಖಗೋಳ ಉಳಿದ ನಾಲ್ಕು. ಆ ನಾಲ್ಕಕ್ಕೆ ಕ್ವಾಡ್ರಿವಿಯಂ ಎಂಬ ಹೆಸರು ಬಂದದ್ದು ಆರನೇ ಶತಮಾನದ ಬೊಯೀಥಿಯಸ್‌ನಿಂದ. ಇವೆಲ್ಲವೂ ಓದಬೇಕಾದ ಶಾಸ್ತ್ರಗಳಾಗಿದ್ದವು. ವಯಸ್ಸಿಗೂ ಇವುಗಳಿಗೂ ಗಂಟು ಹಾಕಿದವರು ಆಗ ಯಾರೂ ಇರಲಿಲ್ಲ. ಗಂಟು ಹಾಕಿದವರು ಇಂಗ್ಲೆಂಡಿನ ಲೇಖಕಿ ಡೊರೊಥಿ ಸೇಯರ್ಸ್, ಅದೂ 1947ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಮಾಡಿದ ಒಂದು ಉಪನ್ಯಾಸದಲ್ಲಿ. ಪತ್ತೇದಾರಿ ಕಾದಂಬರಿಗಳಿಂದ ಹೆಸರಾಗಿದ್ದ, ಮುಂದೆ ಇಟಲಿಯ ಕವಿ ದಾಂತೆಯ ಮಹಾಕಾವ್ಯದ ಹೆಚ್ಚಿನ ಭಾಗವನ್ನು ಇಂಗ್ಲಿಷಿಗೆ ತಂದ ಈ ವಿದ್ವಾಂಸೆ, ಮಗುವು ಮೊದಲು ಗಿಳಿಯಂತೆ ಒಪ್ಪಿಸುತ್ತದೆ, ಆಮೇಲೆ ಎದುರು ವಾದಿಸುತ್ತದೆ, ಕೊನೆಗೆ ಕವಿಯಂತೆ ತನ್ನನ್ನು ತಾನು ಹೇಳಿಕೊಳ್ಳಲು ಹಂಬಲಿಸುತ್ತದೆ ಎಂದು ಹೇಳಿ, ಈ ಮೂರು ಸ್ವಭಾವಗಳಿಗೆ ಮೂರು ವಿದ್ಯೆಗಳನ್ನು ಜೋಡಿಸಿದರು. ಮಕ್ಕಳ ಮನಶ್ಶಾಸ್ತ್ರದ ಬಗೆಗಿನ ತಮ್ಮ ವಿಚಾರಗಳು ಪಂಡಿತರು ಒಪ್ಪುವಂಥವಲ್ಲವೆಂದೂ, ತಮ್ಮ ಬಾಲ್ಯವನ್ನು ನೆನೆದೇ ಈ ಹಂತಗಳನ್ನು ಗುರುತಿಸಿದ್ದಾಗಿಯೂ ಅವರೇ ಅಲ್ಲಿ ಹೇಳಿಕೊಂಡಿದ್ದಾರೆ. ತಮ್ಮ ಸಲಹೆಗಳು ಜಾರಿಗೆ ಬರುವುದು ತೀರಾ ಅಸಂಭವ ಎಂದೂ ಭಾವಿಸಿದ್ದರು. ಅಂಥ ಒಂದು ಉಪನ್ಯಾಸದ ಮೇಲೆ ಇಂದು ಸಾವಿರಾರು ಮನೆಗಳ ದಿನಚರಿ ನಿಂತಿದೆ ಎಂಬುದನ್ನು ಪುಸ್ತಕ ಕೊಳ್ಳುವವರು ತಿಳಿದಿರಬೇಕು. ಇದರಿಂದ ಪುಸ್ತಕದ ಬೆಲೆ ಕಡಿಮೆಯಾಗುವುದಿಲ್ಲ. ಆದರೆ ಐದು ವರ್ಷದ ಮಗು ‘ಯಾಕೆ’ ಎಂದು ಕೇಳಿದಾಗ, ಇದು ಇನ್ನೂ ವ್ಯಾಕರಣದ ಹಂತ ಎಂದುಕೊಂಡು ಉತ್ತರವನ್ನು ಮುಂದಕ್ಕೆ ಹಾಕುವ ಹಟಮಾರಿತನ ಯಾವ ತಾಯಿಗೂ ತಂದೆಗೂ ಬರಬಾರದು. ಚಿಕ್ಕ ಮಕ್ಕಳು ತರ್ಕಿಸುತ್ತಾರೆ, ಹದಿನೈದರ ಹುಡುಗರಿಗೂ ಬಾಯಿಪಾಠ ಬೇಕಾಗುತ್ತದೆ. ಹಂತಗಳು ಒತ್ತು ಎಲ್ಲಿ ಬೀಳಬೇಕು ಎಂಬುದನ್ನು ಸೂಚಿಸುತ್ತವೆ, ಅಷ್ಟೇ.

ಇನ್ನು ಪುಸ್ತಕದ ತಿರುಳಿಗೆ ಬರೋಣ. ನನ್ನ ಮಟ್ಟಿಗೆ ತಿರುಳೆಂದರೆ ವ್ಯಾಕರಣದ ಹಂತದಲ್ಲಿ ಬರವಣಿಗೆ ಕಲಿಸಲು ಲೇಖಕಿಯರು ಹಾಕಿಕೊಡುವ ಮೂರು ಅಭ್ಯಾಸಗಳು: ನೋಡಿ ಬರೆಯುವುದು, ಕೇಳಿದ್ದನ್ನು ತನ್ನ ಮಾತಿನಲ್ಲಿ ಹೇಳುವುದು, ಉಕ್ತಲೇಖನ. ಇವುಗಳಲ್ಲಿ ಹೊಸದೇನೂ ಇಲ್ಲ. ಕೇಳಿದ್ದನ್ನು ಮಗು ತಿರುಗಿ ಹೇಳುವ ಅಭ್ಯಾಸವನ್ನು ಇಂಗ್ಲೆಂಡಿನ ಶಿಕ್ಷಣತಜ್ಞೆ ಶಾರ್ಲೆಟ್ ಮೇಸನ್ ಇವರಿಗಿಂತ ಬಹಳ ಮೊದಲೇ ತಮ್ಮ ಪದ್ಧತಿಯ ಕೇಂದ್ರದಲ್ಲಿ ಇಟ್ಟಿದ್ದರು. ಈ ಪುಸ್ತಕದ ಕೊಡುಗೆ ಇರುವುದು, ಮೂರನ್ನೂ ಏಕೆ ಬೇರೆ ಬೇರೆಯಾಗಿ ಮಾಡಿಸಬೇಕು ಎಂಬುದನ್ನು ಸ್ಪಷ್ಟವಾಗಿ ಬಿಡಿಸಿ ಹೇಳಿರುವುದರಲ್ಲಿ. ಬರೆಯುವುದೆಂದರೆ ಒಂದೇ ಕೆಲಸವಲ್ಲ, ಎರಡು. ಮನಸ್ಸಿನಲ್ಲಿ ಇನ್ನೂ ರೂಪ ಪಡೆಯದ ಆಲೋಚನೆಯನ್ನು ಮಾತಾಗಿ ಮಾಡುವುದು ಒಂದು; ಆ ಮಾತನ್ನು ಅಕ್ಷರಗಳಾಗಿ, ಕಾಗುಣಿತ ತಪ್ಪದೆ, ವಿರಾಮಚಿಹ್ನೆಗಳೊಂದಿಗೆ ಕಾಗದದ ಮೇಲೆ ಇಳಿಸುವುದು ಇನ್ನೊಂದು. ಆರೇಳು ವರ್ಷದ ಮಗುವಿಗೆ ಎರಡನ್ನೂ ಒಟ್ಟಿಗೆ ಮಾಡು ಎಂದರೆ ಎರಡೂ ಕೈಗೂಡುವುದಿಲ್ಲ. ‘ನಿನ್ನ ರಜೆಯ ಬಗ್ಗೆ ಹತ್ತು ಸಾಲು ಬರೆ’ ಎಂಬ ಪ್ರಶ್ನೆಯ ಮುಂದೆ ಪೆನ್ಸಿಲ್ ಕಚ್ಚುತ್ತಾ ಕುಳಿತ ಮಗುವಿನ ಕಷ್ಟ ಇದೇ.

ಆದ್ದರಿಂದ ಮಾತಾಗಿಸುವ ಕೆಲಸವನ್ನು ಬಾಯಿಗೂ, ಅಕ್ಷರವಾಗಿಸುವ ಕೆಲಸವನ್ನು ಕೈಗೂ ಬೇರೆ ಬೇರೆ ಸಮಯದಲ್ಲಿ ಒಪ್ಪಿಸುತ್ತಾರೆ. ನಮ್ಮ ಮನೆಯಲ್ಲಿ ಅದು ನಡೆದ ಬಗೆಯನ್ನು ಒಂದು ಉದಾಹರಣೆಯಿಂದ ಹೇಳುವುದು ಒಳ್ಳೆಯದು. ಪ್ರಾಚೀನ ಈಜಿಪ್ಟಿನ ಪಾಠವನ್ನು ಓದಿ ಹೇಳಿ ಮುಗಿಸಿದ ಮೇಲೆ ಮಗಳನ್ನು, ನಿನಗೆ ನೆನಪಿರುವುದನ್ನು ಹೇಳು ಎಂದೆ.

“ನದಿ ಉಕ್ಕಿ ಬಂತು. ಎಲ್ಲರಿಗೂ ಖುಷಿಯಾಯ್ತು.”

“ನದಿ ಉಕ್ಕಿದರೆ ಖುಷಿ ಯಾಕೆ ಆಗಬೇಕು?”

“ಅಮ್ಮ, ಅದು ಕಪ್ಪು ಮಣ್ಣು ತರುತ್ತಲ್ಲ! ಆ ಮಣ್ಣಲ್ಲೇ ಅವರು ಬೆಳೆ ಬೆಳೀತಿದ್ದದ್ದು.”

“ಹಾಗಾದರೆ ಅದನ್ನೆಲ್ಲ ಕೂಡಿಸಿ ಒಂದೇ ವಾಕ್ಯದಲ್ಲಿ ಹೇಳು.”

ಸ್ವಲ್ಪ ಹೊತ್ತು ಸುಮ್ಮನಿದ್ದು ಅವಳು ಹೇಳಿದ ವಾಕ್ಯವನ್ನು ನಾನು ಅವಳ ಹಾಳೆಯಲ್ಲಿ ಬರೆದುಕೊಂಡೆ: ‘ನೈಲ್ ನದಿ ಪ್ರತಿ ವರ್ಷ ಉಕ್ಕಿ, ಕಪ್ಪು ಮಣ್ಣನ್ನು ತಂದು ಹಾಕುತ್ತಿತ್ತು, ಅದರಲ್ಲಿ ಜನ ಬೆಳೆ ಬೆಳೆಯುತ್ತಿದ್ದರು.’ ವಾಕ್ಯ ಅವಳದು, ಕೈಬರಹ ನನ್ನದು. ಮಾರನೆಯ ದಿನ ಆ ವಾಕ್ಯವನ್ನೇ ನೋಡಿ ದುಂಡಗೆ ಬರೆದಳು. ಮುಂದಿನ ವರ್ಷ ಅಂಥ ವಾಕ್ಯಗಳನ್ನು ನಾನು ಹೇಳಿದರೆ ಅವಳು ಕೇಳಿ, ಮನಸ್ಸಿನಲ್ಲಿ ಇಡಿಯಾಗಿ ಹಿಡಿದು, ಉಕ್ತಲೇಖನವಾಗಿ ಬರೆಯತೊಡಗಿದಳು. ಅದಾದ ಮೇಲೆ ತಾನು ಹೇಳಿದ್ದನ್ನು ತಾನೇ ಬರೆದುಕೊಳ್ಳುವ ಹೊತ್ತು ಬಂದಾಗ ಬಾಯಿಯೂ ಕೈಯೂ ಒಂದನ್ನೊಂದು ತಡೆಯಲಿಲ್ಲ. ಈ ಕ್ರಮದಲ್ಲಿ ಪ್ರಶ್ನೆ ಕೇಳುವವರ ಪಾತ್ರ ದೊಡ್ಡದು ಎಂಬುದನ್ನೂ ಗಮನಿಸಬೇಕು. ಮಗುವಿನ ಬಾಯಿಗೆ ನಮ್ಮ ವಾಕ್ಯವನ್ನು ತುರುಕಿದರೆ ಅಭ್ಯಾಸದ ಪ್ರಯೋಜನವೇ ಹೋಗುತ್ತದೆ. ಏನನ್ನೂ ಕೇಳದೆ ಬಿಟ್ಟರೆ ‘ಖುಷಿಯಾಯ್ತು’ ಎಂಬಲ್ಲಿಗೆ ಮಾತು ನಿಂತುಬಿಡುತ್ತದೆ.

ಈ ಅಭ್ಯಾಸ ನೆನಪಿಗೂ ಒಳ್ಳೆಯದು ಎಂಬುದಕ್ಕೆ ಪುಸ್ತಕದ ಹೊರಗಿನ ಆಧಾರವೂ ಇದೆ. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದು ಗದ್ಯಭಾಗವನ್ನು ಎರಡನೇ ಸಲ ಓದಿದ ವಿದ್ಯಾರ್ಥಿಗಳಿಗೆ ಐದು ನಿಮಿಷದ ನಂತರ ಹೆಚ್ಚು ನೆನಪಿತ್ತು. ಆದರೆ ಮತ್ತೆ ಓದುವ ಬದಲು ನೆನಪಿನಿಂದ ಹೊರತೆಗೆದು ಬರೆದವರಿಗೆ ಎರಡು ದಿನ ಮತ್ತು ಒಂದು ವಾರ ಕಳೆದ ಮೇಲೆ ಹೆಚ್ಚು ಉಳಿದಿತ್ತು. ಆ ವಿದ್ಯಾರ್ಥಿಗಳು ಕಾಲೇಜಿನವರು, ನಿಜ. ಆದರೂ ಪಾಠ ಮುಗಿದೊಡನೆ ಪುಸ್ತಕ ಮುಚ್ಚಿ ‘ಈಗ ಹೇಳು’ ಎನ್ನುವ ಈ ಚಿಕ್ಕ ಕೆಲಸ, ಪಾಠದ ಕೊನೆಯಲ್ಲಿರುವ ಬಿಟ್ಟ ಸ್ಥಳ ತುಂಬುವ ಪ್ರಶ್ನೆಗಳಿಗಿಂತ ಎಷ್ಟೋ ಮೇಲು ಎಂಬುದರಲ್ಲಿ ನನಗೆ ಸಂಶಯ ಉಳಿದಿಲ್ಲ. ಬಿಟ್ಟ ಸ್ಥಳ ತುಂಬಲು ಒಂದು ಪದ ಸಾಕು. ಕೇಳಿದ್ದನ್ನು ಹೇಳಲು ಯಾವುದು ಮುಖ್ಯ, ಯಾವುದು ಮೊದಲು, ಯಾವುದು ಆಮೇಲೆ ಎಂದು ಮಗುವೇ ತೀರ್ಮಾನಿಸಬೇಕು.

ಇಲ್ಲಿ ಕನ್ನಡದಲ್ಲಿ ಕಲಿಸುವವರಿಗೆ ಒಂದು ಮಾತು. ಪುಸ್ತಕ ಬರೆದಿರುವುದು ಇಂಗ್ಲಿಷ್ ಮನೆಮಾತಿನ ಮಕ್ಕಳಿಗಾಗಿ. ಅಕ್ಷರಕ್ಕೂ ಉಚ್ಚಾರಕ್ಕೂ ಹೊಂದಿಕೆಯಿಲ್ಲದ ಆ ಭಾಷೆಯಲ್ಲಿ ಓದಲು ಕಲಿಸುವುದಕ್ಕೇ ಹೆಚ್ಚು ಶ್ರಮ ಬೇಕಾಗುವುದರಿಂದ, ಮೊದಲ ವರ್ಷಗಳ ವೇಳಾಪಟ್ಟಿಯಲ್ಲಿ ಅದಕ್ಕೆ ಮತ್ತು ಕಾಗುಣಿತಕ್ಕೆ ದೊಡ್ಡ ಪಾಲು ಹೋಗಿದೆ. ಕನ್ನಡದಲ್ಲಿ ಒತ್ತಕ್ಷರಗಳು ಕೈವಶವಾದ ಮೇಲೆ ಮಗು ಎದುರಿಗೆ ಕಂಡದ್ದನ್ನೆಲ್ಲ ಓದುತ್ತದೆ. ಅಲ್ಲಿ ಉಳಿಯುವ ಸಮಯವನ್ನು ಹೇಳಿಸುವುದಕ್ಕೂ ಉಕ್ತಲೇಖನಕ್ಕೂ ಕೊಡಬಹುದು. ಅಲ್ಪಪ್ರಾಣ ಮಹಾಪ್ರಾಣ, ‘ಳ’ ‘ಲ’, ಹ್ರಸ್ವ ದೀರ್ಘಗಳ ತೊಡಕುಗಳಿಗೆ ಉಕ್ತಲೇಖನಕ್ಕಿಂತ ಒಳ್ಳೆಯ ಮದ್ದಿಲ್ಲ. ನೋಡಿ ಬರೆಯಲು ಆರಿಸುವ ವಾಕ್ಯಗಳು ಮಾತ್ರ ಒಳ್ಳೆಯ ಗದ್ಯದವೇ ಆಗಿರಬೇಕು. ಮಗು ಬರೆಯುತ್ತಾ ಬರೆಯುತ್ತಾ ಆ ವಾಕ್ಯದ ನಡಿಗೆಯನ್ನೂ ಕಲಿಯುತ್ತದೆ, ಆದ್ದರಿಂದ ಪಠ್ಯಕ್ಕಾಗಿಯೇ ಹೊಸೆದ ಸಪ್ಪೆ ವಾಕ್ಯಗಳಿಂದ ದೂರವಿರುವುದು ಲೇಸು.

ಲ್ಯಾಟಿನ್ ವಿಷಯವನ್ನೂ ಇದೇ ದೃಷ್ಟಿಯಿಂದ ನೋಡಬೇಕು. ಮೂರನೇ ನಾಲ್ಕನೇ ತರಗತಿಯ ಹೊತ್ತಿಗೆ ಲ್ಯಾಟಿನ್ ಪ್ರಾರಂಭಿಸಲು ಪುಸ್ತಕ ಹೇಳುತ್ತದೆ; ಅದು ಮನಸ್ಸಿಗೆ ಶಿಸ್ತು ತರುತ್ತದೆ, ಇಂಗ್ಲಿಷಿನ ಪದಸಂಪತ್ತನ್ನು ಬೆಳೆಸುತ್ತದೆ, ಮುಂದೆ ಬೇರೆ ಭಾಷೆಗಳ ಕಲಿಕೆಯನ್ನು ಹಗುರಾಗಿಸುತ್ತದೆ ಎಂಬವು ಅದರ ಕಾರಣಗಳು. ವಿಭಕ್ತಿ ಪ್ರತ್ಯಯಗಳು ಹೆಚ್ಚುಕಡಿಮೆ ಉದುರಿಹೋಗಿರುವ ಇಂಗ್ಲಿಷಿನ ಮಗುವಿಗೆ, ಪದದ ಕೊನೆ ಬದಲಾದರೆ ಅರ್ಥ ಬದಲಾಗುತ್ತದೆ ಎಂಬ ತಿಳಿವೇ ಒಂದು ದೊಡ್ಡ ಪಾಠ. ‘ಮನೆಗೆ’, ‘ಮನೆಯಲ್ಲಿ’, ‘ಮನೆಯಿಂದ’ ಎನ್ನುತ್ತಾ ಬೆಳೆದ ಮಗುವಿಗೆ ಆ ತಿಳಿವು ನಾಲಗೆಯ ಮೇಲೆಯೇ ಇದೆ. ಅದಕ್ಕೆ ಹೆಸರು ಕೊಟ್ಟು, ಏಳು ವಿಭಕ್ತಿಗಳನ್ನು ಬಾಯಿಪಾಠ ಮಾಡಿಸಿದರೆ ಮುಗಿಯಿತು. ಹಾಗಾಗಿ ಲ್ಯಾಟಿನ್ ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ಪ್ರಾಚೀನ ಭಾಷೆಯೊಂದನ್ನು, ಅದು ಲ್ಯಾಟಿನ್ ಆಗಲಿ, ಸಂಸ್ಕೃತವಾಗಲಿ, ಹಳಗನ್ನಡವೇ ಆಗಲಿ, ಆ ಭಾಷೆಯಲ್ಲಿ ಬರೆದದ್ದನ್ನು ಮುಂದೊಂದು ದಿನ ಓದಿ ಸವಿಯುವ ಉದ್ದೇಶದಿಂದ ಕಲಿಸಿದರೆ ಆ ಶ್ರಮಕ್ಕೆ ಅರ್ಥವಿದೆ. ಮನಸ್ಸಿನ ಕಸರತ್ತಿಗಾಗಿ ಮಾತ್ರ ಎಂದಾದರೆ, ಅದಕ್ಕೆ ಮನೆಮಾತಿನ ವ್ಯಾಕರಣವೇ ಸಾಕು.

ಪುಸ್ತಕದ ಎರಡನೇ ದೊಡ್ಡ ಗುಣ ಇತಿಹಾಸದ ಕ್ರಮ. ಕ್ರಿಸ್ತಪೂರ್ವ 5000ದಿಂದ ಕ್ರಿಸ್ತಶಕ 400ರವರೆಗೆ ಮೊದಲ ವರ್ಷ, 400ರಿಂದ 1600 ಎರಡನೆಯದು, 1600ರಿಂದ 1850 ಮೂರನೆಯದು, ಅಲ್ಲಿಂದ ಇಂದಿನವರೆಗೆ ನಾಲ್ಕನೆಯದು. ನಾಲ್ಕು ವರ್ಷಕ್ಕೆ ಒಂದು ಸುತ್ತು; ಹನ್ನೆರಡು ವರ್ಷಗಳಲ್ಲಿ ಮೂರು ಸುತ್ತು. ಒಂದನೇ ತರಗತಿಯಲ್ಲಿ ಕಥೆಯಾಗಿ ಕೇಳಿದ ಈಜಿಪ್ಟು ಐದನೇ ತರಗತಿಯಲ್ಲಿ ಕಾರಣಗಳೊಂದಿಗೆ, ಒಂಬತ್ತರಲ್ಲಿ ಮೂಲ ಬರಹಗಳೊಂದಿಗೆ ಮರಳಿ ಬರುತ್ತದೆ. ಮೊದಲ ಸುತ್ತಿಗೆಂದೇ ಬಾವರ್ ‘ದಿ ಸ್ಟೋರಿ ಆಫ್ ದ ವರ್ಲ್ಡ್’ ಎಂಬ ನಾಲ್ಕು ಸಂಪುಟಗಳನ್ನೂ ಬರೆದಿದ್ದಾರೆ. ಗಟ್ಟಿಯಾಗಿ ಓದಿ ಹೇಳಲು ಹದವಾದ ಗದ್ಯ ಅದು. ಮೊದಲ ಸಂಪುಟದಲ್ಲಿ ಮೆಸೊಪೊಟೇಮಿಯ, ಈಜಿಪ್ಟು, ಗ್ರೀಸ್, ರೋಮ್‌ಗಳ ನಡುವೆ ಮೊಹೆಂಜೊದಾರೊ, ಚೀನಾ, ಮೌರ್ಯರ ಅಶೋಕ, ಜಾತಕ ಕಥೆಗಳೂ ಬರುತ್ತವೆ. ಆದರೂ ಕಥೆಯ ನಡುಗಂಬ ಮೆಡಿಟರೇನಿಯನ್ ಸುತ್ತಲಿನ ಲೋಕವೇ. ಪ್ರತಿ ಕುಟುಂಬವೂ ತನ್ನ ನೆಲದ ಇತಿಹಾಸಕ್ಕೆ ಪ್ರತ್ಯೇಕವಾಗಿ ಜಾಗ ಮಾಡಿಕೊಳ್ಳಬೇಕಾಗುತ್ತದೆ. ಕಾಲಾನುಕ್ರಮದ ಚೌಕಟ್ಟು ಗಟ್ಟಿಯಾಗಿರುವುದರಿಂದ ಹಾಗೆ ಸೇರಿಸುವುದು ಕಷ್ಟವಲ್ಲ: ಎರಡನೇ ವರ್ಷದ ಹರಹಿನಲ್ಲಿ ಯುರೋಪಿನ ಶಾರ್ಲೆಮೇನ್ ಮತ್ತು ರಾಷ್ಟ್ರಕೂಟರ ಅಮೋಘವರ್ಷ ಒಂದೇ ಶತಮಾನದಲ್ಲಿ ನಿಲ್ಲುತ್ತಾರೆ, ಒಬ್ಬ 814ರಲ್ಲಿ ತೀರಿಕೊಂಡರೆ ಇನ್ನೊಬ್ಬ ಅದೇ ಹೊತ್ತಿಗೆ ಪಟ್ಟಕ್ಕೆ ಬರುತ್ತಾನೆ. ಗೋಡೆಯ ಮೇಲಿನ ಕಾಲರೇಖೆಯಲ್ಲಿ ಇಬ್ಬರ ಹೆಸರನ್ನೂ ಪಕ್ಕಪಕ್ಕದಲ್ಲಿ ಬರೆದಾಗ ನನ್ನ ಮಗನಿಗೆ ಆದ ಆಶ್ಚರ್ಯ ನಿಜವಾದದ್ದು. ಬೇರೆ ಬೇರೆ ಪಾಠಗಳಲ್ಲಿ ಓದಿದ್ದರೆ ಅವರಿಬ್ಬರೂ ಅವನ ತಲೆಯಲ್ಲಿ ಎಂದೂ ಭೇಟಿಯಾಗುತ್ತಿರಲಿಲ್ಲ.

ಕಾಲರೇಖೆಯ ಕೆಲಸ ಪ್ರಾರಂಭವಾಗುವುದು ತರ್ಕದ ಹಂತದಲ್ಲಿ. ಅದಕ್ಕಿಂತಲೂ ಮುಖ್ಯವಾದ ಅಭ್ಯಾಸವೊಂದು ಅದೇ ಹಂತದಲ್ಲಿದೆ: ಓದಿದ ಪುಟದ ಹಂದರವನ್ನು ಬಿಡಿಸಿ ಬರೆಯುವುದು. ಮೊದಲು ಒಂದು ಪ್ಯಾರಾಕ್ಕೆ ಒಂದು ವಾಕ್ಯ, ಅದು ಸುಲಭವಾದ ಮೇಲೆ ಅದರ ಕೆಳಗೆ ಉಪಾಂಶಗಳು, ಆಮೇಲೆ ಅವುಗಳ ವಿವರಗಳು. ಕೇಳಲು ಸರಳವಾದರೂ ಮಾಡಿಸಿದಾಗ ಇದರ ಆಳ ತಿಳಿಯುತ್ತದೆ. ಗುಟೆನ್‌ಬರ್ಗ್ ಬಗ್ಗೆ ಒಂದು ಪ್ಯಾರಾ ಇತ್ತು. ಲೋಹದ ಬಿಡಿ ಅಚ್ಚುಮೊಳೆಗಳು, ಎಣ್ಣೆ ಬೆರೆಸಿದ ಶಾಯಿ, ಒತ್ತುಯಂತ್ರ, 1455ರ ಸುಮಾರಿಗೆ ಮುಗಿದ ಬೈಬಲ್ ಮುದ್ರಣ, ಪುಸ್ತಕಗಳು ಅಗ್ಗವಾದದ್ದು, ಎಲ್ಲವೂ ಅದರಲ್ಲಿದ್ದವು. ಮುಖ್ಯ ಮಾತು ಯಾವುದು ಎಂದರೆ ಮಗ ಬರೆದದ್ದು ‘ಗುಟೆನ್‌ಬರ್ಗ್ ಬೈಬಲ್ ಮುದ್ರಿಸಿದ’ ಎಂದು. ಆ ವಾಕ್ಯವನ್ನು ತೆಗೆದುಹಾಕಿದರೆ ಉಳಿದ ವಾಕ್ಯಗಳಿಗೆ ಏನಾಗುತ್ತದೆ ಎಂದು ಕೇಳಿದೆ. ಏನೂ ಆಗುವುದಿಲ್ಲ ಎಂದ. ಹಾಗಾದರೆ ಯಾವ ಮಾತನ್ನು ತೆಗೆದರೆ ಉಳಿದವೆಲ್ಲ ಏಕಿವೆ ಎಂಬುದೇ ತಿಳಿಯದೆ ಹೋಗುತ್ತದೆ ಎಂದು ಕೇಳಿದಾಗ ಬಹಳ ಹೊತ್ತು ಪುಟವನ್ನು ನೋಡಿ, ‘ಬಿಡಿ ಅಚ್ಚುಮೊಳೆಗಳಿಂದ ಪುಸ್ತಕಗಳನ್ನು ಬೇಗ ಮತ್ತು ಅಗ್ಗವಾಗಿ ಮಾಡಲು ಸಾಧ್ಯವಾಯಿತು’ ಎಂದು ಬರೆದ. ಆ ವಾಕ್ಯ ಪ್ಯಾರಾದಲ್ಲಿ ಎಲ್ಲಿಯೂ ಇರಲಿಲ್ಲ. ಓದಿದ್ದನ್ನು ತೂಗಿ ನೋಡಿ ಅವನೇ ಕಟ್ಟಿದ್ದು. ತರ್ಕಶಾಸ್ತ್ರದ ಪಾರಿಭಾಷಿಕ ಪದಗಳನ್ನು ಕಲಿಸುವ ಅಭ್ಯಾಸಪುಸ್ತಕಗಳಿಗಿಂತ ಈ ಒಂದು ಕೆಲಸ ತರ್ಕವನ್ನು ಚೆನ್ನಾಗಿ ಕಲಿಸುತ್ತದೆ ಎಂದು ನಾನು ನಂಬುತ್ತೇನೆ. ಹೀಗೆ ಬಿಡಿಸಿದ ಹಂದರವನ್ನು ಎದುರಿಗಿಟ್ಟುಕೊಂಡು, ಮೂಲ ಪುಸ್ತಕವನ್ನು ಮುಚ್ಚಿ, ಅದರಿಂದ ತನ್ನದೇ ಪ್ಯಾರಾ ಬರೆಯುವುದು ಇದರ ಮುಂದಿನ ಮೆಟ್ಟಿಲು.

ವಿಜ್ಞಾನದ ಭಾಗ ನನಗೆ ತೃಪ್ತಿ ಕೊಟ್ಟಿಲ್ಲ. ಇತಿಹಾಸದ ನಾಲ್ಕು ವರ್ಷಗಳಿಗೆ ಹೊಂದಿಸಲೆಂದು ಮೊದಲ ವರ್ಷ ಜೀವಿಗಳು, ಎರಡನೆಯದು ಭೂಮಿ ಮತ್ತು ಆಕಾಶ, ಮೂರನೆಯದು ರಸಾಯನ, ನಾಲ್ಕನೆಯದು ಭೌತವಿಜ್ಞಾನ ಎಂದು ಹಂಚಿದ್ದಾರೆ. ಒಂದೇ ವಿಷಯದಲ್ಲಿ ಇಡೀ ವರ್ಷ ನಿಲ್ಲುವುದು ಮಕ್ಕಳಿಗೆ ಇಷ್ಟವಾಗುತ್ತದೆ, ಅದು ನಿಜ. ಆದರೆ ಇತಿಹಾಸದೊಂದಿಗೆ ಹಾಕಿದ ಜೋಡಿ ಬಲವಂತದ್ದು. ನ್ಯೂಟನ್ ತನ್ನ ಚಲನೆಯ ನಿಯಮಗಳನ್ನು ಪ್ರಕಟಿಸಿದ್ದು 1687ರಲ್ಲಿ. ಲವೋಸಿಯೆ ಹೊಸ ರಸಾಯನಶಾಸ್ತ್ರದ ಗ್ರಂಥವನ್ನು ಹೊರತಂದದ್ದು 1789ರಲ್ಲಿ. ಕಾಲಕ್ರಮವನ್ನೇ ನೆಚ್ಚುವುದಾದರೆ ಬಲ, ಚಲನೆಗಳು ರಸಾಯನಕ್ಕಿಂತ ಮೊದಲು ಬರಬೇಕು. ಕಲಿಕೆಯ ದೃಷ್ಟಿಯಿಂದಲೂ ಅಷ್ಟೇ: ಚೆಂಡು ಎಸೆಯುವ, ಉಯ್ಯಾಲೆ ಆಡುವ, ಆಯಸ್ಕಾಂತ ಹಿಡಿದು ಮನೆಯೆಲ್ಲ ಸುತ್ತುವ ಆರು ವರ್ಷದ ಮಗುವಿಗೆ ಭೌತವಿಜ್ಞಾನ ಕೈಗೆಟುಕುವಷ್ಟು ರಸಾಯನ ಎಟುಕುವುದಿಲ್ಲ, ಅಣುಗಳು ಕಣ್ಣಿಗೆ ಬೀಳುವುದಿಲ್ಲವಲ್ಲ. ಮೊದಲ ಹಂತದ ವಿಜ್ಞಾನವೂ ಇತಿಹಾಸದಂತೆಯೇ ಓದು, ಹೇಳು, ಬರೆ ಎಂಬ ಕ್ರಮಕ್ಕೆ ಬಹಳವಾಗಿ ವಾಲಿದೆ. ಭಾಷೆಗೆ ಹೊಂದುವ ಕ್ರಮ ಎಲ್ಲಕ್ಕೂ ಹೊಂದುವುದಿಲ್ಲ. ಗಿಡವನ್ನು ನೆಟ್ಟು, ಅಳೆದು, ಏಕೆ ಬಾಡಿತು ಎಂದು ಹುಡುಕುವ ಕೆಲಸಕ್ಕೆ ಇಲ್ಲಿ ಇನ್ನೂ ಹೆಚ್ಚು ಜಾಗ ಬೇಕಿತ್ತು. ಗಣಿತದ ಬಗ್ಗೆ ಹೇಳಲು ಹೆಚ್ಚಿಲ್ಲ. ಪುಸ್ತಕವು ಸಿದ್ಧ ಪಠ್ಯಕ್ರಮಗಳ ಕಡೆಗೆ ಬೆರಳು ತೋರಿಸುತ್ತದೆ, ಆಯ್ಕೆ ನಿಮ್ಮದು.

ವಾಗ್ಮಿತೆಯ ಹಂತವನ್ನು ನಾನು ಇನ್ನೂ ಬಳಸಿ ನೋಡದಿರುವುದರಿಂದ ಓದುಗಳಾಗಿಯಷ್ಟೇ ಮಾತಾಡಬಲ್ಲೆ. ಇಲ್ಲಿ ಸಾಹಿತ್ಯವೂ ಇತಿಹಾಸವೂ ಒಂದಾಗಿ, ಗಿಲ್ಗಮೆಶ್, ಹೋಮರ್, ಪ್ಲೇಟೊಗಳಿಂದ ಮೊದಲಾಗಿ ಶತಮಾನಗಳ ಕ್ರಮದಲ್ಲಿ ಮಹಾಗ್ರಂಥಗಳ ಓದು ನಡೆಯುತ್ತದೆ. ಪಟ್ಟಿ ಬಹುತೇಕ ಪಾಶ್ಚಾತ್ಯ. ಆದರೆ ಓದುವ ಬಗೆಯನ್ನು ಹೇಳುವ ಪುಟಗಳು ಯಾವ ಪಟ್ಟಿಗೂ ಒಪ್ಪುತ್ತವೆ: ಗ್ರಂಥ ಏನು ಹೇಳುತ್ತದೆ ಎಂದು ಮೊದಲು ತಿಳಿ, ಹೇಗೆ ವಾದಿಸುತ್ತದೆ ಎಂದು ಆಮೇಲೆ ನೋಡು, ಒಪ್ಪುವೆಯೋ ಇಲ್ಲವೋ ಎಂದು ಕೊನೆಯಲ್ಲಿ ಹೇಳು. ಅಭಿಪ್ರಾಯವನ್ನು ಮೊದಲು ಕೇಳುವ, ಅರ್ಥವನ್ನು ಆಮೇಲೆ ನೋಡಿಕೊಳ್ಳುವ ಅವಸರದ ಬೋಧನೆಗೆ ಇದು ಒಳ್ಳೆಯ ತಿದ್ದುಪಡಿ. ಕೊನೆಯ ಎರಡು ವರ್ಷಗಳಲ್ಲಿ ವಿದ್ಯಾರ್ಥಿಯೇ ವಿಷಯ ಆರಿಸಿಕೊಂಡು ದೀರ್ಘ ಪ್ರಬಂಧಗಳನ್ನು ಬರೆಯಬೇಕೆಂಬ ಸಲಹೆಯೂ ನನಗೆ ಬಹಳ ಮೆಚ್ಚುಗೆಯಾಯಿತು.

ಕೊಳ್ಳುವವರು ಎಚ್ಚರ ವಹಿಸಬೇಕಾದದ್ದು ಪುಸ್ತಕದ ಭಾರದ ಬಗ್ಗೆ. ಪ್ರತಿ ವಿಷಯಕ್ಕೂ ವಾರಕ್ಕೆ ಇಷ್ಟು ದಿನ, ದಿನಕ್ಕೆ ಇಷ್ಟು ನಿಮಿಷ ಎಂಬ ವೇಳಾಪಟ್ಟಿಗಳಿವೆ. ಪ್ರತಿ ವಿಷಯಕ್ಕೂ ಫೈಲು, ಫೈಲಿನೊಳಗೆ ವಿಭಾಗಗಳು, ಓದಬೇಕಾದ ಪುಸ್ತಕಗಳ ಉದ್ದನೆಯ ಪಟ್ಟಿಗಳು. ಒಂದೊಂದನ್ನು ಬಿಡಿಯಾಗಿ ನೋಡಿದರೆ ಎಲ್ಲವೂ ಸಾಧ್ಯವೆನಿಸುತ್ತದೆ. ಮೂವರು ಮಕ್ಕಳಿರುವ, ತಂದೆತಾಯಿ ಇಬ್ಬರೂ ದುಡಿಯುವ ಮನೆಯಲ್ಲಿ ಕೂಡಿಸಿ ನೋಡಿದರೆ ಎದೆ ನಡುಗುತ್ತದೆ. ಜೆಸ್ಸಿ ವೈಸ್ ತರಬೇತಿ ಪಡೆದ ಶಿಕ್ಷಕಿ. 1970ರ ದಶಕದಲ್ಲಿ ತಮ್ಮ ಮೂವರು ಮಕ್ಕಳಿಗೆ ಮನೆಯಲ್ಲೇ ಕಲಿಸತೊಡಗಿದವರು. ಮಗಳು ಮುಂದೆ ಕಾಲೇಜಿನಲ್ಲಿ ಪಾಠ ಹೇಳಿದವರು. ಅವರ ಅನುಭವದ ಬಲ ಪುಟಪುಟದಲ್ಲೂ ಕಾಣುತ್ತದೆ. ಅದೇ ಬಲವನ್ನು ಓದುಗರೆಲ್ಲರಿಂದ ನಿರೀಕ್ಷಿಸಿದಂತೆಯೂ ಕೆಲವೆಡೆ ತೋರುತ್ತದೆ. ನನ್ನ ಸಲಹೆ ಇದು: ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಲು ಹೋಗಬೇಡಿ. ಮಗು ಇರುವ ಹಂತದ ಭಾಷೆಯ ಅಧ್ಯಾಯವನ್ನೂ ಇತಿಹಾಸದ ಅಧ್ಯಾಯವನ್ನೂ ಓದಿ, ಅವೆರಡನ್ನು ಮಾತ್ರ ಮೊದಲ ಆರು ತಿಂಗಳು ನಡೆಸಿ, ಗಣಿತವನ್ನು ನಿಮಗೆ ಗೊತ್ತಿರುವ ದಾರಿಯಲ್ಲೇ ಮುಂದುವರಿಸಿ. ಉಳಿದದ್ದು ಕಾಯುತ್ತದೆ. ಶಾಲೆಯಿಂದ ನಡುವೆ ಬಿಡಿಸಿಕೊಂಡು ಬಂದ ಮಕ್ಕಳಿಗೆ ಎಲ್ಲಿಂದ ಪ್ರಾರಂಭಿಸಬೇಕು, ದಾಖಲೆಗಳನ್ನು ಹೇಗೆ ಇಡಬೇಕು, ಗೆಳೆತನಗಳ ಕಥೆಯೇನು ಎಂಬ ಪ್ರಶ್ನೆಗಳಿಗೆ ಕೊನೆಯ ಭಾಗದಲ್ಲಿ ಉತ್ತರಗಳಿವೆ. ಆದರೆ ಕಾನೂನು, ಪರೀಕ್ಷೆ, ಕಾಲೇಜು ಪ್ರವೇಶದ ಮಾತುಗಳು ಅಮೆರಿಕಕ್ಕೆ ಸಂಬಂಧಿಸಿದವು. ಬೇರೆ ದೇಶದವರು ತಮ್ಮಲ್ಲಿನ ನಿಯಮಗಳನ್ನು ಮನೆಪಾಠ ಪ್ರಾರಂಭಿಸುವ ಮೊದಲೇ ವಿಚಾರಿಸಿಕೊಳ್ಳಬೇಕು.

ಶಾಲೆಗೆ ಹೋಗುವ ಮಕ್ಕಳ ತಂದೆತಾಯಿಯರಿಗೂ ಈ ಪುಸ್ತಕ ಉಪಯುಕ್ತವೇ ಎಂದು ಕೇಳಿದವರಿದ್ದಾರೆ. ಖಂಡಿತ ಉಪಯುಕ್ತ, ಓದಿ ಹೇಳುವುದು, ಹೇಳಿಸುವುದು, ವಾರಕ್ಕೆ ಕೆಲವು ವಾಕ್ಯಗಳ ಉಕ್ತಲೇಖನ, ಇವಕ್ಕೆ ಸಂಜೆಯ ಇಪ್ಪತ್ತು ನಿಮಿಷ ಸಾಕು. ಬೋಧನೆಯ ಸಮಯವೇ ಸಿಗದವರಿಗೆ, ದಿನದ ಪಾಠವನ್ನು ಸಿದ್ಧಪಡಿಸಿ ಕೈಗೆ ಕೊಡುವ ಪಠ್ಯಕ್ರಮ ಬೇಕಾದವರಿಗೆ ಇದು ತಕ್ಕದ್ದಲ್ಲ, ಏಕೆಂದರೆ ಇದರಲ್ಲಿ ಪಾಠಗಳಿಲ್ಲ, ಪಾಠ ಮಾಡುವ ಬಗೆ ಇದೆ. ಅಂಥವರು ಬಾವರ್ ಅವರ ‘ರೈಟಿಂಗ್ ವಿತ್ ಈಸ್’ ಸರಣಿಯನ್ನು ನೋಡಬಹುದು. ನಾನು ಮೇಲೆ ಹೇಳಿದ ಮೂರು ಅಭ್ಯಾಸಗಳನ್ನೇ ಅದು ನಾಲ್ಕು ಮಟ್ಟಗಳಲ್ಲಿ ದಿನದಿನದ ಪಾಠಗಳಾಗಿ ಹೆಣೆದಿದೆ, ಆದರೆ ಉದಾಹರಣೆಗಳೆಲ್ಲ ಇಂಗ್ಲಿಷಿನವು. ಮುಖ್ಯ ಪುಸ್ತಕದ ಯಾವ ಆವೃತ್ತಿ ಕೊಳ್ಳಬೇಕು ಎಂದರೆ, ಹಳೆಯದು ಕೈಗೆ ಸಿಕ್ಕರೆ ಹಿಂಜರಿಯಬೇಕಿಲ್ಲ. ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತಾ ಬಂದಿರುವುದು ಹೆಚ್ಚಾಗಿ ಶಿಫಾರಸು ಮಾಡಿದ ಪುಸ್ತಕಗಳ ಪಟ್ಟಿಗಳು, ಕನ್ನಡದಲ್ಲಿ ಕಲಿಸುವವರು ಆ ಪಟ್ಟಿಗಳನ್ನು ಹೇಗಿದ್ದರೂ ತಾವೇ ಹೊಸದಾಗಿ ಮಾಡಿಕೊಳ್ಳಬೇಕು.